ಅಲಾಸ್ಕಾದ ಕಡಲಸಿಂಹಗಳು ಎಲ್ಲಿ ಹೋದವು? ಟ್ರಾಲರುಗಳೇ ಕಾರಣವೇ?

ಓದುಗರ ಪ್ರಶ್ನೆ: ನಮ್ಮದು ಮಲ್ಪೆಯಲ್ಲಿ ಟ್ರಾಲ್ ಬೋಟ್ ಇರುವ ಮನೆ. ಅಲಾಸ್ಕಾದಲ್ಲಿ ಸ್ಟೆಲ್ಲರ್ ಕಡಲಸಿಂಹ ಅನ್ನುವ ಪ್ರಾಣಿ ಮೂವತ್ತು ವರ್ಷದೊಳಗೆ ನೂರಕ್ಕೆ ಎಂಬತ್ತರಷ್ಟು ಕಡಿಮೆಯಾಯಿತು, ಅದಕ್ಕೆ ಟ್ರಾಲರುಗಳೇ ಕಾರಣ ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ಓರ್ಕಾಗಳು (ಕೊಲೆಗಾರ ತಿಮಿಂಗಿಲಗಳು) ತಿಂದವು ಅಂತಿತ್ತು. ಮತ್ತೊಂದು ಕಡೆ ಸಮುದ್ರ ಬಿಸಿಯಾದದ್ದು ಅಂತಿತ್ತು. ಇಷ್ಟು ದೊಡ್ಡ ಪ್ರಾಣಿ ಲಕ್ಷಗಟ್ಟಲೆ ಸತ್ತರೆ ಯಾಕೆ ಸತ್ತಿತು ಅಂತ ಗೊತ್ತಾಗಲ್ವಾ? ನಿಜವಾದ ಕಾರಣ ಯಾವುದು?

ಉತ್ತರ:

ಗೊತ್ತಾಗಲ್ವಾ ಅಂತ ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಗೊತ್ತಾಗುವುದು ಕಷ್ಟ. ಯಾಕಂದರೆ ಹೆಣ ಸಿಗಲಿಲ್ಲ.

1970ರ ದಶಕದ ಕೊನೆಯಲ್ಲಿ ಅಲಾಸ್ಕಾದ ಪಶ್ಚಿಮ ಭಾಗದಲ್ಲಿ ಈ ಪ್ರಾಣಿಗಳು ಎರಡು ಲಕ್ಷಕ್ಕೂ ಜಾಸ್ತಿ ಇದ್ದವು. 2000ರ ಹೊತ್ತಿಗೆ ಉಳಿದದ್ದು 50,000ಕ್ಕಿಂತ ಕಡಿಮೆ. 1980ರ ದಶಕದ ಕೊನೆಯ ಕೆಲವು ವರ್ಷಗಳಲ್ಲಂತೂ ವರ್ಷಕ್ಕೆ ನೂರಕ್ಕೆ ಹದಿನೈದರ ಲೆಕ್ಕದಲ್ಲಿ ಇಳಿದವು. ಆದರೆ ದಡದಲ್ಲಿ ಹೆಣಗಳ ರಾಶಿ ಬೀಳಲಿಲ್ಲ. ಬೇಸಿಗೆಯಲ್ಲಿ ಇವು ಮರಿ ಹಾಕಲು ಬಂಡೆಗಳ ಮೇಲೆ ಸೇರುತ್ತವೆ. ಆಗ ವಿಮಾನದಿಂದ ಫೋಟೊ ತೆಗೆದು ತಲೆ ಎಣಿಸುತ್ತಾರೆ. ಎಣಿಸುವವರು ಪ್ರತಿ ಸಲ ಹೋದಾಗಲೂ ಬಂಡೆಯ ಮೇಲೆ ಇನ್ನಷ್ಟು ಜಾಗ ಖಾಲಿ ಇತ್ತು. ಅಷ್ಟೇ. ಸತ್ತವು ತಣ್ಣನೆಯ ಕಡಲಿನಲ್ಲಿ ಎಲ್ಲೋ ಸತ್ತಿದ್ದವು.

ಹಾಗಾಗಿ ಸತ್ತವುಗಳ ಕಥೆಯನ್ನು ಬದುಕಿ ಉಳಿದವುಗಳನ್ನು ನೋಡಿ ಊಹಿಸಬೇಕಾಯಿತು. ವಿಜ್ಞಾನಿಗಳ ಜಗಳ ಇಷ್ಟು ವರ್ಷ ನಡೆಯಲು ಇದೇ ಮುಖ್ಯ ಕಾರಣ.

ಪ್ರಾಣಿಯ ಪರಿಚಯ ಸ್ವಲ್ಪ ಮಾಡಿಕೊಡುತ್ತೇನೆ. ಕಿವಿ ಕಾಣುವ ಸೀಲ್‌ಗಳ ಕುಟುಂಬದಲ್ಲಿ ಇದೇ ಅತಿ ದೊಡ್ಡದು. ದೊಡ್ಡ ಗಂಡು ಒಂದು ಟನ್ ಮುಟ್ಟಬಹುದು. ಹೆಣ್ಣು ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ. ವರ್ಷಕ್ಕೆ ಒಂದೇ ಮರಿ. ತಾಯಿ ಮೊದಲ ವಾರವೆಲ್ಲ ಮರಿಯ ಪಕ್ಕದಲ್ಲೇ ಇರುತ್ತಾಳೆ. ಆಮೇಲೆ ಮೀನು ಹಿಡಿಯಲು ಕಡಲಿಗಿಳಿಯುತ್ತಾಳೆ, ಒಂದು ದಿನದ ಆಸುಪಾಸು ಬಿಟ್ಟು ವಾಪಸು ಬರುತ್ತಾಳೆ. ನೂರಾರು ಮರಿಗಳು ಕೂಗುತ್ತಿರುವ ದಡದಲ್ಲಿ ಇವಳೂ ಕೂಗುತ್ತಾಳೆ, ಮರಿ ಉತ್ತರ ಕೊಡುತ್ತದೆ, ಹತ್ತಿರ ಬಂದ ಮೇಲೆ ಮೂಸಿ ನೋಡಿ ತನ್ನದೇ ಅಂತ ಖಾತ್ರಿ ಮಾಡಿಕೊಂಡು ಹಾಲು ಕೊಡುತ್ತಾಳೆ. ಬೇರೆಯವರ ಮರಿ ಬಂದರೆ ಕಚ್ಚಿ ಓಡಿಸುತ್ತಾಳೆ. ಹೀಗೆ ಕಡಿಮೆ ಅಂದರೆ ಒಂದು ವರ್ಷ, ಕೆಲವು ಸಲ ಎರಡು ಮೂರು ವರ್ಷ ಹಾಲು ಕುಡಿಸುತ್ತಾಳೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರು ಬಂದದ್ದು ಗೇಯೊರ್ಗ್ ಸ್ಟೆಲ್ಲರ್ ಅನ್ನುವ ಜರ್ಮನ್ ನಿಸರ್ಗ ವಿಜ್ಞಾನಿಯಿಂದ. 1741ರಲ್ಲಿ ರಷ್ಯಾದ ಪರವಾಗಿ ಹೊರಟಿದ್ದ ನಾವಿಕ ಬೇರಿಂಗ್ ಅವರ ಹಡಗಿನಲ್ಲಿ ಹೋದವರು. ಅದೇ ಯಾನದಲ್ಲಿ ಅವರು ಕಡಲ ಹಸು ಅನ್ನುವ ಇನ್ನೊಂದು ಭಾರಿ ಪ್ರಾಣಿಯನ್ನೂ ನೋಡಿ ಬರೆದಿಟ್ಟರು. 1768ರ ಹೊತ್ತಿಗೆ, ಅಂದರೆ ಬರೀ 27 ವರ್ಷದಲ್ಲಿ, ಬೇಟೆಗಾರರ ಕೈಯಲ್ಲಿ ಅದು ಪೂರ್ತಿ ಮುಗಿದುಹೋಯಿತು. ಆ ಕಡಲಿನಲ್ಲಿ ಇಂಥದ್ದು ಒಮ್ಮೆ ಆಗಿದೆ. ಕಡಲಸಿಂಹಗಳು ಇಳಿಯತೊಡಗಿದಾಗ ಜನ ಅಷ್ಟು ಗಾಬರಿಯಾದದ್ದು ಸುಮ್ನೆ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಯಾಕೆ ಸತ್ತವು ಅಂತ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವಾಗ ಸತ್ತವು, ಎಲ್ಲಿ ಸತ್ತವು, ಸತ್ತದ್ದು ಯಾವ ವಯಸ್ಸಿನವು? ಈ ಮೂರನ್ನು ಮೊದಲು ಕೇಳಬೇಕು. ನನಗೆ ಇಡೀ ಕಥೆ ಅರ್ಥವಾದದ್ದು ಹೀಗೆ ಕೇಳತೊಡಗಿದ ಮೇಲೆಯೇ.

ಎಲ್ಲಿ ಅನ್ನುವುದು ತುಂಬ ಮುಖ್ಯ. ಅಲಾಸ್ಕಾದ ನಕ್ಷೆಯಲ್ಲಿ 144 ಡಿಗ್ರಿ ಪಶ್ಚಿಮ ರೇಖಾಂಶ ಹುಡುಕಿ. ಅದರ ಪಶ್ಚಿಮಕ್ಕೆ ಅಲಾಸ್ಕಾ ಕೊಲ್ಲಿ, ಕೋಡಿಯಾಕ್ ದ್ವೀಪ, ಅಲ್ಯೂಷಿಯನ್ ದ್ವೀಪಗಳ ಸಾಲು. ಕುಸಿದದ್ದು ಅಲ್ಲಿ. ಪೂರ್ವಕ್ಕೆ, ಅಂದರೆ ಆಗ್ನೇಯ ಅಲಾಸ್ಕಾ, ಕೆನಡಾ, ಒರೆಗಾನ್ ಕಡೆ, ಅದೇ ಪ್ರಾಣಿ ಅದೇ ವರ್ಷಗಳಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ಕರ ಆಸುಪಾಸು ಹೆಚ್ಚಾಯಿತು! 1990ರಲ್ಲಿ ಅಮೆರಿಕ ಇಡೀ ಜಾತಿಯನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು. 1997ರಲ್ಲಿ ಪಶ್ಚಿಮದ್ದು ಬೇರೆ, ಪೂರ್ವದ್ದು ಬೇರೆ ಅಂತ ಭಾಗ ಮಾಡಿ, ಪಶ್ಚಿಮದ್ದನ್ನು ಇನ್ನೂ ಗಂಭೀರ ಪಟ್ಟಿಗೆ ಹಾಕಿತು. ಪೂರ್ವದ್ದನ್ನು 2013ರಲ್ಲಿ ಪಟ್ಟಿಯಿಂದಲೇ ತೆಗೆದರು. ಹಾಗಾಗಿ ಯಾರೇ ಒಂದು ಕಾರಣ ಹೇಳಿದರೂ, ಅದು ಪೂರ್ವದಲ್ಲಿ ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳಿ. ಅರ್ಧ ವಾದಗಳು ಅಲ್ಲೇ ಮುಗ್ಗರಿಸುತ್ತವೆ.

ಯಾವ ವಯಸ್ಸಿನವು ಸತ್ತವು ಅನ್ನುವುದಕ್ಕೆ ಸುಳಿವು ಸಿಕ್ಕಿದ್ದು ಕೋಡಿಯಾಕ್ ಪಕ್ಕದ ಮಾರ್ಮೊಟ್ ದ್ವೀಪದಲ್ಲಿ. ಒಂದು ಕಾಲದಲ್ಲಿ ಇವು ಮರಿ ಹಾಕುವ ಅತಿ ದೊಡ್ಡ ದಡಗಳಲ್ಲಿ ಅದೂ ಒಂದಾಗಿತ್ತು. 1987 ಮತ್ತು 1988ರಲ್ಲಿ ಅಲ್ಲಿ ಸುಮಾರು 800 ಮರಿಗಳಿಗೆ ಕಾದ ಕಬ್ಬಿಣದಿಂದ ನಂಬರ್ ಬರೆ ಹಾಕಿದರು. ಕೇಳಿದರೆ ಸಂಕಟವಾಗುತ್ತದೆ, ಆದರೆ ಇಪ್ಪತ್ತು ವರ್ಷ ಅಳಿಸದೆ ಉಳಿಯುವ ಗುರುತು ಬೇರೆ ಇರಲಿಲ್ಲ. ಈ ಮರಿಗಳು ಬೆಳೆದು ಅದೇ ದಡಕ್ಕೆ ಮರಿ ಹಾಕಲು ಬರಬೇಕಿತ್ತು. ಲೆಕ್ಕಕ್ಕಿಂತ ತೀರಾ ಕಡಿಮೆ ಬಂದವು. ಅಂದರೆ ಹಾಲು ಬಿಟ್ಟು ತಾವೇ ಮೀನು ಹಿಡಿಯಲು ಕಲಿಯುವ ವಯಸ್ಸಿನವು ಎಲ್ಲೋ ಕಾಣೆಯಾಗುತ್ತಿದ್ದವು.

ತಾಯಂದಿರಲ್ಲೂ ಬದಲಾವಣೆ ಕಂಡಿತು. 1980ರ ದಶಕದಲ್ಲಿ ಅಳೆದು ನೋಡಿದ ಹೆಣ್ಣುಗಳು 1970ರ ದಶಕದವುಗಳಿಗಿಂತ ಸಣ್ಣ ಗಾತ್ರದವು. ಗರ್ಭ ಕೊನೆಯ ತಿಂಗಳವರೆಗೆ ಉಳಿದವುಗಳ ಪ್ರಮಾಣ ನೂರಕ್ಕೆ 67ರಿಂದ 55ಕ್ಕೆ ಇಳಿದಿತ್ತು. ಹೊಟ್ಟೆಗೆ ಸಾಲದೆ ಇದ್ದಾಗ ಆಗುವ ಬದಲಾವಣೆ ಇದು.

ಇನ್ನು ಒಂದೊಂದೇ ಕಾರಣ ನೋಡೋಣ.

ಮೊದಲು ಎಲ್ಲರೂ ಒಪ್ಪುವಂಥದ್ದು, ಮನುಷ್ಯರು ನೇರವಾಗಿ ಕೊಂದದ್ದು. 1963ರಿಂದ 1972ರವರೆಗೆ ಚರ್ಮಕ್ಕಾಗಿ 45,178 ಮರಿಗಳನ್ನು ಕೊಂದರು. ಕಳ್ಳತನದ ಬೇಟೆಯಲ್ಲ, ಪರವಾನಗಿ ಇದ್ದ ವ್ಯಾಪಾರ. ಅದರ ಮೇಲೆ ಬಲೆ. 1966ರಿಂದ 1988ರವರೆಗೆ ಟ್ರಾಲ್ ಬಲೆಗಳಲ್ಲಿ ಸಿಕ್ಕಿ ಸತ್ತವು 20,000ಕ್ಕೂ ಜಾಸ್ತಿ ಅಂತ ಅಂದಾಜು. ಕೋಡಿಯಾಕ್ ಹತ್ತಿರದ ಶೆಲಿಕೊಫ್ ಜಲಸಂಧಿಯಲ್ಲಿ 1982ರ ಒಂದೇ ವರ್ಷ ಸಾವಿರದ ಆಸುಪಾಸು ಸತ್ತವು. ಮೂರನೆಯದು ಗುಂಡು. ಬಲೆಯಿಂದ ಮೀನು ಕಿತ್ತುಕೊಳ್ಳುವ, ಬಲೆ ಹರಿಯುವ ಪ್ರಾಣಿ ಇದು. ಮೀನುಗಾರರು ಬೋಟಿನಿಂದ ಗುಂಡು ಹೊಡೆಯುವುದು ಮಾಮೂಲಾಗಿತ್ತು, ಅದನ್ನು ಬರೆದಿಟ್ಟವರು ಯಾರೂ ಇಲ್ಲ. ಕಡಲಸಿಂಹಗಳ ಹತ್ತಿರ ಬಂದೂಕು ಹಾರಿಸಬಾರದು ಅನ್ನುವ ನಿಯಮ ಬಂದದ್ದೇ 1990ರಲ್ಲಿ.

ಇಲ್ಲಿ ಮೀನುಗಾರಿಕೆಗೆ ಪಾಲಿದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಗಮನಿಸಿ, ಇದೆಲ್ಲ 1990ಕ್ಕೆ ಹೆಚ್ಚುಕಡಿಮೆ ನಿಂತುಹೋಯಿತು. ಇಳಿಕೆ ಮಾತ್ರ ಮುಂದಿನ ಹತ್ತು ವರ್ಷವೂ ಮುಂದುವರಿಯಿತು, ನಿಧಾನವಾಗಿ. ಗುಂಡು, ಬಲೆ ಎರಡನ್ನೂ ಸೇರಿಸಿದರೂ ಮೊದಲ ಘಟ್ಟದ ಒಂದು ಪಾಲಿಗೆ ಮಾತ್ರ ಲೆಕ್ಕ ಸಿಗುತ್ತದೆ.

ಎರಡನೆಯದು ಊಟ. ನನಗೆ ಅತಿ ಹೆಚ್ಚು ಆಸಕ್ತಿಯಿರುವ ಭಾಗ ಇದು. ಮಲ್ಪೆಯವರಾದ ನಿಮಗೆ ಬೇಗ ಅರ್ಥವಾಗುತ್ತದೆ ಕೂಡ.

ನಿಮ್ಮ ಬೂತಾಯಿಯನ್ನೇ ತೆಗೆದುಕೊಳ್ಳಿ. ಮಳೆಗಾಲ ಕಳೆದು ಕೊಬ್ಬಿದ ಬೂತಾಯಿಯನ್ನು ಕಾವಲಿಗೆ ಹಾಕಿದರೆ ತನ್ನದೇ ಎಣ್ಣೆಯಲ್ಲಿ ಬೇಯುತ್ತದೆ, ಅಲ್ವಾ? ಕಾಣೆಗೆ ಎಣ್ಣೆ ನಾವೇ ಹಾಕಬೇಕು. ಎರಡೂ ಒಳ್ಳೆಯ ಮೀನೇ. ಆದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಟ್ಟುಕೊಂಡು ಈಜುವ ಪ್ರಾಣಿಗೆ ಎರಡೂ ಒಂದೇ ಅಲ್ಲ. ಅಲಾಸ್ಕಾದಲ್ಲಿ ಬೂತಾಯಿಯ ಜಾಗದಲ್ಲಿರುವುದು ಹೆರ್ರಿಂಗ್, ಬೂತಾಯಿಯ ಕುಟುಂಬದ್ದೇ, ಒಳ್ಳೆ ಕೊಬ್ಬಿನ ಮೀನು. ಕಾಣೆಯ ಜಾಗದಲ್ಲಿ ಪೊಲಾಕ್ ಇದೆ ಅಂತ ಇಟ್ಟುಕೊಳ್ಳಿ, ಬಿಳಿ ಮಾಂಸದ, ಕೊಬ್ಬು ಕಡಿಮೆಯಿರುವ ಮೀನು. ಸುರಿಮಿ (ಅರೆದ ಮೀನಿನ ಮುದ್ದೆ) ಮಾಡಲು, ಬರ್ಗರಿನೊಳಗೆ ಹಾಕಲು ಬಳಸುವುದು ಅದನ್ನೇ.

1976-77ರ ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಗಾಳಿ, ಪ್ರವಾಹ, ನೀರಿನ ಬಿಸಿ ಎಲ್ಲ ಒಟ್ಟಿಗೆ ಮಗ್ಗಲು ಬದಲಿಸಿದವು. ಅಲಾಸ್ಕಾ ಕೊಲ್ಲಿ ಬೆಚ್ಚಗಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ಸಿಗಡಿ, ಕ್ಯಾಪೆಲಿನ್‌ನಂಥ ಸಣ್ಣ ಕೊಬ್ಬಿನ ಮೀನು ಕಡಿಮೆಯಾಗಿ ಪೊಲಾಕ್, ಕಾಡ್, ಚಪ್ಪಟೆ ಮೀನುಗಳು ತುಂಬಿಕೊಂಡವು. ಸಿಗಡಿ ಹಿಡಿಯುತ್ತಿದ್ದ ಬೋಟುಗಳು ದಂಧೆ ಬದಲಿಸಬೇಕಾಯಿತು. ಕಡಲಸಿಂಹಗಳ ಊಟದಲ್ಲೂ ಪೊಲಾಕ್ ಜಾಸ್ತಿಯಾಯಿತು.

ಸರಿ, ಪೊಲಾಕ್ ಬೇಕಾದಷ್ಟಿತ್ತಲ್ಲ, ಹೊಟ್ಟೆ ತುಂಬ ತಿಂದರಾಯಿತು ಅನ್ನಬಹುದು. ಕೆನಡಾದ ವ್ಯಾಂಕೂವರ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದರು. ಸಾಕಿದ ಆರು ಎಳೆಯ ಕಡಲಸಿಂಹಗಳಿಗೆ ಹೆರ್ರಿಂಗ್ ಬಿಡಿಸಿ ಬರೀ ಪೊಲಾಕ್ ಕೊಟ್ಟರು. ಬೇಕಾದಷ್ಟು ತಿನ್ನಬಹುದಿತ್ತು. ಆದರೂ ಎರಡು ಮೂರು ವಾರದೊಳಗೆ ಸರಾಸರಿ ನೂರಕ್ಕೆ ಆರೂವರೆಯಷ್ಟು ತೂಕ ಇಳಿದವು. ಹೆರ್ರಿಂಗ್‌ನಿಂದ ಸಿಗುವಷ್ಟೇ ಶಕ್ತಿ ಪಡೆಯಲು ಪೊಲಾಕನ್ನು ನೂರಕ್ಕೆ 35ರಿಂದ 80ರಷ್ಟು ಜಾಸ್ತಿ ತಿನ್ನಬೇಕಾಗುತ್ತದೆ ಅಂತ ಲೆಕ್ಕ ಸಿಕ್ಕಿತು. ದೊಡ್ಡ ತಾಯಿಗೆ ಇದು ಹೇಗೋ ನಡೆಯಬಹುದು. ಆಗಷ್ಟೇ ಹಾಲು ಬಿಟ್ಟ ಮರಿಯ ಹೊಟ್ಟೆ ಸಣ್ಣದು, ಆಳಕ್ಕೆ ಮುಳುಗಲು ಉಸಿರು ಸಾಲದು, ಮೀನು ಹಿಡಿಯುವುದೂ ಸರಿಯಾಗಿ ಬರುವುದಿಲ್ಲ. ಮಾರ್ಮೊಟ್‌ನಿಂದ ವಾಪಸು ಬಾರದವು ಆ ವಯಸ್ಸಿನವೇ.

ಕಥೆ ಇಲ್ಲಿಗೆ ಸಲೀಸಾಗಿ ಮುಗಿಯಿತು ಅನ್ನಿಸುತ್ತದೆ. ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ 1990ರ ದಶಕದಲ್ಲಿ ಪಶ್ಚಿಮದ ದಡಗಳಿಗೆ ಹೋಗಿ ಮರಿಗಳನ್ನು ತೂಗಿದಾಗ ಅವು ಬಡಕಲಾಗಿರಲಿಲ್ಲ. ಪೂರ್ವದ ಮರಿಗಳಷ್ಟೇ ದಷ್ಟಪುಷ್ಟ, ಕೆಲವು ಕಡೆ ಇನ್ನೂ ಭಾರ. ತಾಯಂದಿರು ಮೀನಿಗೆ ಹೋಗಿ ಬರುವ ಹೊತ್ತೂ ಪೂರ್ವದವರಿಗಿಂತ ಉದ್ದವಿರಲಿಲ್ಲ. ಹಸಿವಿನಿಂದ ಸಾಯುತ್ತಿರುವ ಊರಿನಲ್ಲಿ ಮಕ್ಕಳು ಹೀಗಿರುವುದಿಲ್ಲ. ಇದಕ್ಕೆ ಊಟದ ಪಕ್ಷದವರ ಉತ್ತರ ಏನಂದರೆ, ತೂಗಿದ್ದು ಬೇಸಿಗೆಯಲ್ಲಿ, ಕಷ್ಟ ಬರುವುದು ಚಳಿಗಾಲದಲ್ಲಿ. ಆ ಉತ್ತರದಲ್ಲಿ ತಿರುಳಿದೆ. ಆದರೆ ಚಳಿಗಾಲದ ಅಲ್ಯೂಷಿಯನ್ ಕಡಲಿನಲ್ಲಿ ಹೋಗಿ ನೋಡುವುದು ಸುಲಭದ ಕೆಲಸವಲ್ಲ.

ಈಗ ನೀವು ಕಾಯುತ್ತಿರುವ ಮಾತು. ಟ್ರಾಲರುಗಳು ಇವುಗಳ ಊಟ ಕಿತ್ತುಕೊಂಡವೇ?

ಬೇರಿಂಗ್ ಸಮುದ್ರದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಜಾಸ್ತಿ ಪೊಲಾಕ್ ಹಿಡಿಯುತ್ತಾರೆ. ಆದರೂ ಒಟ್ಟು ದಾಸ್ತಾನು ಮುಗಿದಿರಲಿಲ್ಲ. ಹಾಗಾಗಿ ಕಡಲಿನಲ್ಲಿ ಮೀನೇ ಉಳಿಯಲಿಲ್ಲ ಅನ್ನುವ ವಾದ ನಿಲ್ಲುವುದಿಲ್ಲ. ಸೂಕ್ಷ್ಮ ವಾದ ಬೇರೆ ಇದೆ. ಒಟ್ಟು ಮೀನು ಎಷ್ಟಿದೆ ಅನ್ನುವುದು ಮರಿ ಬಿಟ್ಟು ದೂರ ಹೋಗಲಾರದ ತಾಯಿಗೆ ಸಂಬಂಧವಿಲ್ಲದ ವಿಷಯ. ಅವಳಿಗೆ ಬೇಕಾದ್ದು ಅವಳ ದಡದ ಸುತ್ತ ಇರುವ ಮೀನು, ಮುಖ್ಯವಾಗಿ ಚಳಿಗಾಲದಲ್ಲಿ. ದೊಡ್ಡ ಬೋಟುಗಳು ಒಂದೇ ಜಾಗದಲ್ಲಿ ಗುಂಪಾಗಿ ಬಲೆ ಎಳೆದರೆ ಕೆಲವು ದಿನಗಳ ಮಟ್ಟಿಗೆ ಅಲ್ಲಿ ಮೀನು ತೆಳುವಾಗುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಅಲ್ಯೂಷಿಯನ್‌ನಲ್ಲಿ ಅಟ್ಕಾ ಮ್ಯಾಕೆರೆಲ್ ಹಿಡಿಯುವ ಜಾಗಗಳಲ್ಲಿ ಹೀಗೆ ಆಗುತ್ತಿತ್ತು ಅಂತ ಬೋಟುಗಳ ಹಿಡುವಳಿ ಲೆಕ್ಕದಿಂದಲೇ ತಿಳಿಯಿತು. ಹೆಸರಿನಲ್ಲಿ ಮ್ಯಾಕೆರೆಲ್ ಇದ್ದರೂ ಅದು ನಮ್ಮ ಬಂಗುಡೆಯ ಕುಟುಂಬದ್ದಲ್ಲ. ಪಶ್ಚಿಮದ ಕಡಲಸಿಂಹಗಳಿಗೆ ಮಾತ್ರ ಅದು ಅನ್ನ ಇದ್ದ ಹಾಗೆ.

ಅದಕ್ಕೇ ಮರಿ ಹಾಕುವ ದಡಗಳ ಸುತ್ತ ಮೂರು ನಾಟಿಕಲ್ ಮೈಲಿ ಯಾವ ಬೋಟೂ ಬರಬಾರದು, ಹತ್ತು ಮೈಲಿ ಟ್ರಾಲ್ ಎಳೆಯಬಾರದು ಅಂತ ನಿಯಮ ಬಂತು. ಸಾಲದು ಅಂತ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 2000ದಲ್ಲಿ ಸಿಯಾಟಲ್‌ನ ನ್ಯಾಯಾಲಯ ಇವುಗಳ ಮುಖ್ಯ ನೆಲೆಗಳಲ್ಲಿ ಟ್ರಾಲಿಂಗ್ ತಡೆಯಿತು. 2011ರಲ್ಲಿ ಅಲ್ಯೂಷಿಯನ್ ಸಾಲಿನ ಪಶ್ಚಿಮ ತುದಿಯಲ್ಲಿ ಅಟ್ಕಾ ಮ್ಯಾಕೆರೆಲ್, ಕಾಡ್ ಎರಡನ್ನೂ ಹಿಡಿಯುವುದು ನಿಲ್ಲಿಸಿದರು, ಕೆಲವು ವರ್ಷದ ನಂತರ ಸಡಿಲಿಸಿದರು. ಮೀನುಗಾರರು ತುಂಬ ಕಳೆದುಕೊಂಡರು. ಇಷ್ಟೆಲ್ಲ ಮಾಡಿಯೂ ಮುಚ್ಚಿದ್ದರಿಂದಲೇ ಕಡಲಸಿಂಹ ಹೆಚ್ಚಾಯಿತು ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ಯಾಕಂದರೆ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದಿಟ್ಟು ಹೋಲಿಸಿ ನೋಡುವ ಪ್ರಯೋಗ ಯಾರೂ ಸರಿಯಾಗಿ ಮಾಡಲಿಲ್ಲ. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಇಂಥ ಪ್ರಯೋಗವನ್ನೇ ಮಾಡಿ ಅಂತ ಸಲಹೆ ಕೊಟ್ಟಿತ್ತು. ಅದಾಗದೆ ಹೋದದ್ದು ನನಗೆ ಈಗಲೂ ಬೇಸರದ ವಿಷಯ. ಮೀನುಗಾರರಿಗೂ ಅನ್ಯಾಯ, ಪ್ರಾಣಿಗೂ ಅನ್ಯಾಯ.

ಇನ್ನು ಓರ್ಕಾ. 1992ರಲ್ಲಿ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಒಂದು ಸತ್ತ ಓರ್ಕಾ ದಡಕ್ಕೆ ಬಂದು ಬಿದ್ದಿತ್ತು. ಹೊಟ್ಟೆ ಸೀಳಿ ನೋಡಿದರೆ ಪ್ಲಾಸ್ಟಿಕ್ ಟ್ಯಾಗ್‌ಗಳು. ಕಡಲಸಿಂಹದ ಮರಿಗಳ ಮುಂದಿನ ರೆಕ್ಕೆಗೆ, ಹಸುವಿನ ಕಿವಿಗೆ ಹಾಕುವ ಹಾಗೆ ಹಾಕಿದ್ದ ಟ್ಯಾಗ್‌ಗಳು ಅವು. ಒಟ್ಟು 14 ಪ್ರಾಣಿಗಳದ್ದು. ಕೆಲವು ವರ್ಷದ ಹಿಂದೆ ಮಾರ್ಮೊಟ್ ದ್ವೀಪದಲ್ಲಿ ಮರಿಗಳಾಗಿದ್ದಾಗ ಹಾಕಿದ್ದು. ಟ್ಯಾಗ್ ಹಾಕಿದ್ದು ಕೆಲವಕ್ಕೆ ಮಾತ್ರ ಅನ್ನುವುದು ನೆನಪಿಡಿ. ಒಂದು ಓರ್ಕಾ ಹೊಟ್ಟೆಯಲ್ಲಿ ಗುರುತಿದ್ದವೇ 14 ಅಂದರೆ ಗುರುತಿಲ್ಲದವು ಇನ್ನೆಷ್ಟು ಹೋಗಿರಬೇಕು.

2003ರಲ್ಲಿ ಕೆಲವು ವಿಜ್ಞಾನಿಗಳು ಇದನ್ನು ದೊಡ್ಡ ಕಥೆಯಾಗಿ ಹೆಣೆದರು. ಎರಡನೇ ಮಹಾಯುದ್ಧದ ನಂತರ ಉತ್ತರ ಪೆಸಿಫಿಕ್‌ನಲ್ಲಿ ಐದು ಲಕ್ಷದಷ್ಟು ದೊಡ್ಡ ತಿಮಿಂಗಿಲಗಳನ್ನು ಕೊಂದರು. ಅವನ್ನು ತಿನ್ನುತ್ತಿದ್ದ ಓರ್ಕಾಗಳು ಹಸಿದು ಸೀಲ್‌ಗಳಿಗೆ, ಆಮೇಲೆ ಕಡಲಸಿಂಹಗಳಿಗೆ, ಕೊನೆಗೆ ಕಡಲ ನೀರುನಾಯಿಗಳಿಗೆ ಬಾಯಿ ಹಾಕಿದವು ಅಂತ. ಅಲ್ಯೂಷಿಯನ್‌ನ ನೀರುನಾಯಿಗಳಲ್ಲಿ ಬಹುಪಾಲು ಮಾಯವಾದದ್ದಂತೂ ನಿಜ. ಕೇಳಲು ಬಲು ಚೆಂದದ ಕಥೆ. ಆದರೆ ಕೆನಡಾದ ಕರಾವಳಿಯಲ್ಲೂ ತಿಮಿಂಗಿಲಗಳನ್ನು ಹಾಗೇ ಕೊಂದಿದ್ದರು, ಅಲ್ಲೂ ಓರ್ಕಾಗಳಿದ್ದವು, ಅಲ್ಲಿ ಕಡಲಸಿಂಹ ಹೆಚ್ಚಾಯಿತು. ಓರ್ಕಾಗಳು ದೊಡ್ಡ ತಿಮಿಂಗಿಲಗಳನ್ನೇ ನಂಬಿ ಬದುಕಿದ್ದವು ಅನ್ನುವುದಕ್ಕೂ ಗಟ್ಟಿ ಆಧಾರ ಇರಲಿಲ್ಲ. ಕಥೆಯ ಮೊದಲ ಕೊಂಡಿ ನನಗೆ ಸಡಿಲವಾಗಿಯೇ ಕಾಣುತ್ತದೆ.

ಕೊನೆಯ ಕೊಂಡಿಗೆ ಮಾತ್ರ ಆಮೇಲೆ ಬಲ ಬಂತು. ಅಲಾಸ್ಕಾ ಕೊಲ್ಲಿಯಲ್ಲಿ ಮೂರು ಡಜನ್ ಎಳೆಯ ಕಡಲಸಿಂಹಗಳ ಹೊಟ್ಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟರು. ಪ್ರಾಣಿ ಬದುಕಿರುವಷ್ಟು ದಿನ ಅದು ಸುಮ್ಮನೆ ಮೈ ಬಿಸಿ ದಾಖಲಿಸುತ್ತದೆ. ಸತ್ತು ಮೈ ಕೊಳೆತಾಗಲೋ ಹರಿದಾಗಲೋ ಹೊರಬಂದು ತೇಲಿ ಉಪಗ್ರಹಕ್ಕೆ ಮಾಹಿತಿ ಕಳಿಸುತ್ತದೆ. ಕಾಯಿಲೆಯಿಂದ ಸತ್ತರೆ ಮೈ ನಿಧಾನವಾಗಿ ತಣ್ಣಗಾಗುತ್ತದೆ. ಹರಿದು ತಿಂದಿದ್ದರೆ ಬಿಸಿ ಥಟ್ಟನೆ ಬೀಳುತ್ತದೆ. ಪತ್ತೆಯಾದ ಸಾವುಗಳಲ್ಲಿ ಬಹುಪಾಲು ಹೀಗೆ ಥಟ್ಟನೆ ಬಿದ್ದವೇ. ಕೆಲವು ಟ್ರಾನ್ಸ್‌ಮಿಟರ್‌ಗಳು ಬಿಸಿ ರಕ್ತದ ಹೊಟ್ಟೆಗೂ ಹೋಗದೆ, ಮೇಲಕ್ಕೂ ಬಾರದೆ ತಣ್ಣಗೆ ಕತ್ತಲೆಯಲ್ಲೇ ಉಳಿದಿದ್ದವು. ತಿಂದದ್ದು ಆಳದಲ್ಲಿರುವ ಸ್ಲೀಪರ್ ಶಾರ್ಕ್ ಇರಬೇಕು ಅಂತ ಆಗ ಹೊಳೆಯಿತು.  ಸತ್ತ ಪ್ರಾಣಿ ಇಲ್ಲಿ ತನ್ನ ಸಾವಿನ ಸುದ್ದಿ ತಾನೇ ಹೇಳಿತು.

ಹಾಗಂತ ಇದು 1980ರ ದಶಕದ ದೊಡ್ಡ ಕುಸಿತಕ್ಕೆ ಸಾಕ್ಷಿಯಲ್ಲ. ಪರೀಕ್ಷೆ ನಡೆದದ್ದು 2005ರ ನಂತರ. ಸಂಖ್ಯೆ ಈಗಾಗಲೇ ಕಡಿಮೆ ಇರುವಾಗ ಓರ್ಕಾಗಳು ಮೊದಲಿನಷ್ಟೇ ತಿಂದರೂ ಉಳಿದವುಗಳಿಗೆ ಅದು ಭಾರಿ ಹೊಡೆತ. ಏಳಲು ಬಿಡುವುದಿಲ್ಲ.

ರೋಗ, ವಿಷ ಇವೆರಡರ ಬಗ್ಗೆ ಚುಟುಕಾಗಿ. ರಕ್ತ ಪರೀಕ್ಷೆಗಳಲ್ಲಿ ಹಲವು ಸೋಂಕುಗಳ ಗುರುತು ಸಿಕ್ಕಿದೆ, ಸಾಂಕ್ರಾಮಿಕವಾಗಿ ಕೊಂದಂಥದ್ದು ಸಿಕ್ಕಿಲ್ಲ. ಆದರೆ ಅಲ್ಯೂಷಿಯನ್‌ನ ಪಶ್ಚಿಮ ತುದಿಯ ಅಗಟು ದ್ವೀಪದ ಮರಿಗಳಲ್ಲಿ ಪಾದರಸ ಕಳವಳ ಹುಟ್ಟಿಸುವಷ್ಟು ಜಾಸ್ತಿ ಇದೆ. ತಾಯಿ ತಿಂದ ಮೀನಿನಿಂದ ಗರ್ಭದಲ್ಲೇ ಮರಿಗೆ ಸೇರುತ್ತದೆ.

ಹಾಗಾದರೆ ನನ್ನ ಅಭಿಪ್ರಾಯ? ಒಂದೇ ಕಾರಣ ಅಂತ ಹುಡುಕಿದ್ದೇ ತಪ್ಪಾಯಿತು. 1970, 80ರ ದಶಕಗಳ ವೇಗದ ಕುಸಿತದಲ್ಲಿ ಗುಂಡು, ಬಲೆ, ಮರಿಗಳ ಬೇಟೆ, ಅದರ ಮೇಲೆ ಬದಲಾದ ಊಟ, ಎಲ್ಲ ಒಟ್ಟಿಗೆ ಬಿದ್ದವು. ತಾಯಂದಿರ ಗಾತ್ರ ಇಳಿದದ್ದನ್ನು ಓರ್ಕಾಗಳಿಂದ ವಿವರಿಸಲು ಆಗುವುದಿಲ್ಲ, ಊಟದಿಂದ ಆಗುತ್ತದೆ. 1990ರ ನಂತರದ ನಿಧಾನ ಇಳಿಕೆಯಲ್ಲಿ ಬೇಟೆಯಾಡುವ ಪ್ರಾಣಿಗಳ ಪಾಲು ದೊಡ್ಡದಿರಬೇಕು, ಯಾಕಂದರೆ ಆಗಿನ ಮರಿಗಳು ಹಸಿದಿರಲಿಲ್ಲ. 2003ರ ಸಮಿತಿಯೂ ಹೆಚ್ಚುಕಡಿಮೆ ಇದೇ ಕಡೆ ವಾಲಿತು, 1980ರ ದಶಕಕ್ಕೆ ಊಟದ ಕಾರಣವನ್ನು ತಳ್ಳಿಹಾಕಲಿಲ್ಲ. ಪೂರ್ವದಲ್ಲಿ ಹೆಚ್ಚಾದದ್ದು ಯಾಕೆ ಅಂದರೆ, ಅಲ್ಲಿ ಹಿಂದಿನ ದಶಕಗಳಲ್ಲೇ ಮೀನುಗಾರಿಕೆಗೆ ಅಡ್ಡ ಅಂತ ಹತ್ತಾರು ಸಾವಿರ ಕೊಂದು ಮುಗಿಸಿದ್ದರು. ಕೊಲ್ಲುವುದು ನಿಂತ ಮೇಲೆ ಅವು ಹಳೆಯ ಜಾಗ ತುಂಬಿಕೊಳ್ಳುತ್ತಿದ್ದವು.

ನೀವು ಟ್ರಾಲ್ ಬೋಟಿನ ಮನೆಯವರು ಅಂತ ಮೊದಲೇ ಹೇಳಿಕೊಂಡಿರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ಟ್ರಾಲರುಗಳೇ ಕಾರಣ ಅನ್ನುವುದು ತಪ್ಪು. ಟ್ರಾಲರುಗಳಿಗೆ ಸಂಬಂಧವೇ ಇಲ್ಲ ಅನ್ನುವುದೂ ತಪ್ಪು. ಬಲೆಯಲ್ಲಿ ಸಿಕ್ಕಿ ಸತ್ತದ್ದಕ್ಕೆ ಲೆಕ್ಕ ಇದೆ. ಊಟ ಕಿತ್ತುಕೊಂಡದ್ದು ಕೆಲವು ಜಾಗಗಳಲ್ಲಿ, ಕೆಲವು ಋತುಗಳಲ್ಲಿ ಆಗಿರಬಹುದು, ಮುಖ್ಯವಾಗಿ ಪಶ್ಚಿಮದ ತುದಿಯಲ್ಲಿ.

ಈಗಿನ ಸ್ಥಿತಿಯಲ್ಲೂ ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇದೆ. 2000ದ ನಂತರ ಅಲಾಸ್ಕಾ ಕೊಲ್ಲಿಯಲ್ಲಿ, ಅಲ್ಯೂಷಿಯನ್‌ನ ಪೂರ್ವ ಭಾಗದಲ್ಲಿ ಸಂಖ್ಯೆ ಮೆಲ್ಲಗೆ ಏರಿತು. 2014ರಿಂದ 2016ರವರೆಗೆ ಪೆಸಿಫಿಕ್‌ನಲ್ಲಿ ಭಾರಿ ಬಿಸಿನೀರಿನ ಅಲೆ ಬಂತು. ಕೊಲ್ಲಿಯ ಕಾಡ್ ಮೀನು ಕುಸಿದು, 2020ರಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. 2017ರಲ್ಲಿ ಎಣಿಸಿದಾಗ ಅದೇ ಕೊಲ್ಲಿಯ ದಡಗಳಲ್ಲಿ ಮರಿಗಳೂ ಕಡಿಮೆಯಾಗಿದ್ದವು. ಆ ಸಲ ಬೋಟಿಗೂ ಕಡಲಸಿಂಹಕ್ಕೂ ಒಟ್ಟಿಗೇ ಪೆಟ್ಟು ಬಿತ್ತು. ಅಲ್ಯೂಷಿಯನ್ ಸಾಲಿನ ಪಶ್ಚಿಮ ತುದಿಯಲ್ಲಿ ಇಳಿಕೆ ನಿಲ್ಲಲೇ ಇಲ್ಲ. ಅಲ್ಲಿ ಮಂಜು ಸರಿದು ವಿಮಾನ ಹಾರಲು ಆಗುವ ದಿನಗಳೇ ಕಡಿಮೆ, ಎಣಿಸುವವರು ಕೆಲವು ಬೇಸಿಗೆ ಏನೂ ಕಾಣದೆ ವಾಪಸು ಬಂದಿದ್ದಾರೆ.